ಆಳದ ಹೊಳೆಗೆ ಇಟ್ಟ ಅಳತೆಗೋಲನ್ನು ಕಿತ್ತುಹಾಕಬೇಡಿ

ಯುನೆಸ್ಕೋದ ಅಂತರಸರ್ಕಾರಿ ಸಾಗರಶಾಸ್ತ್ರ ಆಯೋಗದ ಸದಸ್ಯ ದೇಶಗಳ ಪ್ರತಿನಿಧಿಗಳಿಗೆ, ಮತ್ತು ಆ ದೇಶಗಳಲ್ಲಿ ಸಾಗರ ಸಂಶೋಧನೆಗೆ ಹಣ ಮಂಜೂರು ಮಾಡುವ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ.

ನನ್ನ ಕಂಪ್ಯೂಟರಿನಲ್ಲಿ ಒಂದು ಗ್ರಾಫ್ ಇದೆ. ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯಾಚೆ, ಸಮುದ್ರದಡಿಯ ಇಳಿಜಾರಿನಲ್ಲಿ, ಎರಡು ಸಾವಿರ ಮೀಟರಿಗಿಂತ ಹೆಚ್ಚು ಆಳದಲ್ಲಿ ಹರಿಯುವ ನೀರಿನ ಗ್ರಾಫ್ ಅದು. ನೀರು ಎಷ್ಟು ಜೋರಾಗಿ ಹರಿಯಿತು, ಎಷ್ಟು ತಣ್ಣಗಿತ್ತು ಅನ್ನುವುದನ್ನು ಗಂಟೆಗೊಮ್ಮೆ ಅಳೆದು ಎಳೆದ ಗೆರೆ. ಏಳುತ್ತಾ ಬೀಳುತ್ತಾ ಸಾಗುವ ಆ ಗೆರೆ ನಡುವೆ ಒಂದು ಕಡೆ ಥಟ್ಟನೆ ನಿಂತುಬಿಡುತ್ತದೆ. ಅಲ್ಲಿಂದ ಹದಿನಾಲ್ಕು ತಿಂಗಳು ಬರೀ ಬಿಳಿ. ಮತ್ತೆ ಶುರುವಾಗುವ ಹೊತ್ತಿಗೆ ಗೆರೆ ಬೇರೆ ಎತ್ತರದಲ್ಲಿದೆ. ನೀರು ತುಸು ಬೆಚ್ಚಗಾಗಿದೆ, ಉಪ್ಪು ತುಸು ಕಡಿಮೆಯಾಗಿದೆ. ಇದು ಒಂದೇ ಚಳಿಗಾಲದಲ್ಲಿ ಆದದ್ದೋ, ದಿನಾ ಸ್ವಲ್ಪ ಸ್ವಲ್ಪವಾಗಿ ಆದದ್ದೋ, ನಡುವೆ ಹೋಗಿ ಬಂದು ಮಾಡಿತೋ, ಯಾರಿಗೂ ಗೊತ್ತಿಲ್ಲ. ಇನ್ನು ಮುಂದೆ ಗೊತ್ತಾಗುವುದೂ ಇಲ್ಲ. ಹರಿದು ಹೋದ ನೀರನ್ನು ವಾಪಸ್ ಕರೆದು ಅಳೆಯಲು ಬರುವುದಿಲ್ಲ.

ಆ ಬಿಳಿ ಜಾಗಕ್ಕೆ ಬಿರುಗಾಳಿ ಕಾರಣವಲ್ಲ. ಸಾಧನ ಕೆಟ್ಟಿರಲೂ ಇಲ್ಲ. ಮೂರು ವರ್ಷದ ಯೋಜನೆಯ ಹಣ ಮುಗಿದಿತ್ತು, ಅಷ್ಟೇ. ಮುಂದಿನ ಅರ್ಜಿ ಒಂದು ಸಮಿತಿಯ ಮುಂದಿತ್ತು. ಅರ್ಜಿ ಬರೆದವರಲ್ಲಿ ನಾನೂ ಇದ್ದೆ. ಉತ್ತರ ಬಂತು: ಅಳತೆಗಳು ಉಪಯುಕ್ತವೇ ಹೌದು, ಆದರೆ ಇದರಲ್ಲಿ ಹೊಸ ಪ್ರಶ್ನೆ ಕಾಣುತ್ತಿಲ್ಲ. ಯಾವ ಸಮಿತಿ, ಯಾವ ದೇಶ ಅಂತ ಇಲ್ಲಿ ಹೇಳುವುದಿಲ್ಲ. ಅಲ್ಲಿದ್ದವರು ತಿಳಿದವರೇ. ಅವರ ಕೈಯಲ್ಲಿದ್ದ ನಿಯಮವೇ ಹಾಗಿತ್ತು. ಇಂಥ ಕೆಲಸಕ್ಕೆ ಆ ನಿಯಮ ಹೊಂದುವುದಿಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ಮೊದಲು ಆ ಹೊಳೆಯ ವಿಷಯ ಹೇಳುತ್ತೇನೆ. ಹಡಗಿನ ಮೇಲಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಹಾಗಾಗಿ ಅದರ ಪರವಾಗಿ ಯಾರಾದರೂ ಮಾತಾಡಬೇಕಾಗುತ್ತದೆ.

ನಾರ್ವೆಗೂ ಗ್ರೀನ್‌ಲ್ಯಾಂಡಿಗೂ ನಡುವಿನ ಸಮುದ್ರಗಳಲ್ಲಿ ಚಳಿಗಾಲದ ಗಾಳಿ ನೀರಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ದಕ್ಷಿಣದಿಂದ ಬಂದ ಉಪ್ಪು ಜಾಸ್ತಿ ಇರುವ ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ. ಅಲ್ಲಿಂದ ಅಟ್ಲಾಂಟಿಕ್‌ಗೆ ಬರಲು ಅದಕ್ಕೆ ಒಂದು ತಡೆ ಇದೆ. ಗ್ರೀನ್‌ಲ್ಯಾಂಡಿನಿಂದ ಐಸ್‌ಲ್ಯಾಂಡ್, ಫೆರೋ ದ್ವೀಪಗಳ ಮೂಲಕ ಸ್ಕಾಟ್ಲೆಂಡಿನವರೆಗೆ ಸಮುದ್ರದಡಿ ಒಂದು ಉದ್ದನೆಯ ದಿಬ್ಬ ಹಬ್ಬಿದೆ. ದಿಬ್ಬದ ಹಿಂದೆ ತಣ್ಣೀರು ಕೆರೆಯಂತೆ ತುಂಬಿ ನಿಂತಿರುತ್ತದೆ. ತಗ್ಗು ಸಿಕ್ಕಲ್ಲಿ ಕೋಡಿ ಬೀಳುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ ಆ ಕೋಡಿ ಸುಮಾರು 650 ಮೀಟರ್ ಆಳದಲ್ಲಿದೆ. ಫೆರೋ ದ್ವೀಪಗಳ ಪಕ್ಕದ ಕಾಲುವೆಯಲ್ಲಿ ಸುಮಾರು 840 ಮೀಟರ್ ಆಳದಲ್ಲಿದೆ. ಈ ಎರಡೇ ದೊಡ್ಡ ಬಾಯಿಗಳು. ಉಳಿದ ಕಡೆ ಅಲ್ಲಲ್ಲಿ ಸ್ವಲ್ಪ ಸೋರುತ್ತದೆ.

ಸಾಗರದ ಹರಿವನ್ನು ಅಳೆಯಲು ಸ್ವೆರ್ಡ್ರಪ್ ಅನ್ನೋ ಮಾನ ಇದೆ. ಒಂದು ಸ್ವೆರ್ಡ್ರಪ್ ಅಂದರೆ ಸೆಕೆಂಡಿಗೆ 10 ಲಕ್ಷ ಘನ ಮೀಟರ್ ನೀರು. ಇಡೀ ಭೂಮಿಯ ನದಿಗಳನ್ನೆಲ್ಲ ಕೂಡಿಸಿದರೂ ಸುಮಾರು 1.2 ಸ್ವೆರ್ಡ್ರಪ್ ಆಗುತ್ತದೆ. ಡೆನ್ಮಾರ್ಕ್ ಜಲಸಂಧಿಯ ಕೋಡಿಯೊಂದರಲ್ಲೇ 3 ಸ್ವೆರ್ಡ್ರಪ್‌ಗಿಂತ ಜಾಸ್ತಿ ಹರಿಯುತ್ತದೆ. ಫೆರೋ ಕಾಲುವೆಯಲ್ಲಿ 2ರ ಆಸುಪಾಸು. ಇಡೀ ದಿಬ್ಬದ ಲೆಕ್ಕ ಹಾಕಿದರೆ ಸುಮಾರು 6. ಕೋಡಿ ದಾಟಿದ ನೀರು ಇಳಿಜಾರಿನಲ್ಲಿ ಮೂರು ಸಾವಿರ ಮೀಟರಿಗೂ ಕೆಳಗೆ ಧುಮುಕುತ್ತದೆ. ಇಷ್ಟು ದೊಡ್ಡ ಜಲಪಾತ ನೆಲದ ಮೇಲೆ ಎಲ್ಲೂ ಇಲ್ಲ. ಇಳಿಯುತ್ತಾ ಅಕ್ಕಪಕ್ಕದ ನೀರನ್ನೂ ಎಳೆದುಕೊಂಡು ಹೋಗಿ ಸುಮಾರು ಎರಡರಷ್ಟಾಗುತ್ತದೆ. ಆಮೇಲೆ ಅಮೆರಿಕ ಖಂಡದ ಅಂಚು ಹಿಡಿದು ದಕ್ಷಿಣಕ್ಕೆ ಹೊರಡುತ್ತದೆ. ಆಳಕ್ಕೆ ಪ್ರಾಣವಾಯು ಒಯ್ಯುವುದು ಈ ನೀರು. ಗಾಳಿಯಿಂದ ಸಾಗರ ಹೀರಿಕೊಂಡ ಇಂಗಾಲವನ್ನು ನೂರಾರು ವರ್ಷ ಕೆಳಗೆ ಇಡುವುದರಲ್ಲೂ ಇದರ ಪಾಲು ದೊಡ್ಡದು. ಕೆಳಗೆ ಹೋದಷ್ಟು ನೀರಿಗೆ ಬದಲಾಗಿ ಮೇಲಿನಿಂದ ಬೆಚ್ಚನೆಯ ನೀರು ಉತ್ತರಕ್ಕೆ ಬರುತ್ತದೆ. ಈ ಸುತ್ತು ತೀರಾ ಸೊರಗಿದರೆ ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಜರುಗುತ್ತದೆ, ಆಫ್ರಿಕಾ ಮತ್ತು ಏಷ್ಯಾದ ಮಳೆಗಾಲಗಳು ಬಡವಾಗುತ್ತವೆ ಅಂತ ಹವಾಮಾನ ವಿಜ್ಞಾನಿಗಳು ಹೇಳುತ್ತಾರೆ. ಹಾಗಾಗಿ ಇದು ಉತ್ತರದ ನಾಲ್ಕಾರು ದೇಶಗಳ ಮನೆ ವಿಷಯ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಈ ಪತ್ರವನ್ನು ನಾನು ಯೋಚಿಸುವ ಭಾಷೆಯಲ್ಲೇ ಬರೆಯುತ್ತಿರುವುದೂ ಅದಕ್ಕೇ.

ಈಗ ನನ್ನ ದೂರಿನ ತಿರುಳಿಗೆ ಬರುತ್ತೇನೆ. ಈ ಹೊಳೆ ಒಂದೇ ಸಮನೆ ಹರಿಯುವುದಿಲ್ಲ. ಡೆನ್ಮಾರ್ಕ್ ಜಲಸಂಧಿಯಲ್ಲಿ ಅದು ಉಂಡೆ ಉಂಡೆಯಾಗಿ ಬರುತ್ತದೆ. ಕೆಲವೇ ದಿನಗಳಿಗೊಮ್ಮೆ ಒಂದು ದಪ್ಪನೆಯ ತಣ್ಣೀರಿನ ಮುದ್ದೆ ಕೋಡಿ ದಾಟುತ್ತದೆ, ಆಮೇಲೆ ತೆಳುವಾಗುತ್ತದೆ, ಮತ್ತೆ ಇನ್ನೊಂದು. ಸರಾಸರಿಯ ಅರ್ಧದಷ್ಟು ಏರಿಳಿತ ಒಂದು ವಾರದೊಳಗೇ ಆಗಿಹೋಗುತ್ತದೆ. ಒಂದು ಹಡಗು ಸೋಮವಾರ ಹೋಗಿ ಅಳೆದರೆ ಒಂದು ಲೆಕ್ಕ, ಶುಕ್ರವಾರ ಅಳೆದರೆ ಇನ್ನೊಂದು ಲೆಕ್ಕ. ಇದರ ಮೇಲೆ ವರ್ಷದಿಂದ ವರ್ಷಕ್ಕೆ ಆಗುವ ವ್ಯತ್ಯಾಸ ಬೇರೆ. ಅದರ ಮೇಲೆ ಹತ್ತಾರು ವರ್ಷಗಳ ಏರಿಳಿತ ಮತ್ತೂ ಬೇರೆ. ನಾವು ಹುಡುಕುತ್ತಿರುವುದು ಇದೆಲ್ಲದರ ಅಡಿಯಲ್ಲಿ ಅಡಗಿರುವ ಒಂದು ಮೆಲ್ಲಗಿನ ಬದಲಾವಣೆ. ಹೊಳೆ ನಿಜವಾಗಿಯೂ ಸೊರಗುತ್ತಿದೆಯಾ, ಇಲ್ವಾ?

ಬಿಡಿ ಬಿಡಿ ಅಳತೆಗಳಿಂದ ಇದಕ್ಕೆ ಉತ್ತರ ಹೇಳಲು ಹೊರಟರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಕ್ಷೇತ್ರದಲ್ಲೇ ದೊಡ್ಡ ಉದಾಹರಣೆ ಇದೆ. 2005ರಲ್ಲಿ ಒಂದು ಲೇಖನ ಬಂತು. ಅಟ್ಲಾಂಟಿಕ್‌ನ ಸುಮಾರು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 1957, 1981, 1992, 1998 ಮತ್ತು 2004ರಲ್ಲಿ ಹಡಗುಗಳು ದಂಡೆಯಿಂದ ದಂಡೆಗೆ ಹೋಗಿ ಅಳತೆ ಮಾಡಿದ್ದವು. ಐದು ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಮೇಲೆ ಕೆಳಗೆ ಸುತ್ತುವ ಆ ದೊಡ್ಡ ಹರಿವು ಶೇ. 30ರಷ್ಟು ಇಳಿದಂತೆ ಕಂಡಿತು. ಲೋಕವೆಲ್ಲ ಬೆಚ್ಚಿಬಿತ್ತು. ಅದಕ್ಕೆ ಒಂದು ವರ್ಷ ಮೊದಲು, 2004ರಲ್ಲಿ, ಅಲ್ಲೇ ಹತ್ತಿರ 26.5 ಡಿಗ್ರಿಯಲ್ಲಿ ರ‍್ಯಾಪಿಡ್ ಅನ್ನೋ ಹೆಸರಿನಲ್ಲಿ ಕಾಯಂ ಸಾಧನಗಳನ್ನು ಇಳಿಸಿದ್ದರು. ಅವುಗಳ ಮೊದಲ ವರ್ಷದ ಲೆಕ್ಕ 2007ರಲ್ಲಿ ಹೊರಬಂತು. ಒಂದೇ ವರ್ಷದಲ್ಲಿ ಆ ಹರಿವು ಸುಮಾರು 4 ಸ್ವೆರ್ಡ್ರಪ್‌ನಿಂದ 35ರವರೆಗೆ ಓಡಾಡಿತ್ತು! ಮುಂದೆ ಇನ್ನಷ್ಟು ವರ್ಷದ ಅಳತೆ ಸೇರಿದ ಮೇಲೆ ಅದಕ್ಕೆ ಋತುವಿನ ಏರಿಳಿತ ಇದೆ ಅಂತ ತಿಳಿಯಿತು. ಹಳೆಯ ಐದು ಹಡಗುಗಳು ವರ್ಷದ ಬೇರೆ ಬೇರೆ ತಿಂಗಳಲ್ಲಿ ಹೋಗಿದ್ದವು. ಕಂಡ ಇಳಿಕೆಯ ಬಹುಪಾಲು ಅದರಿಂದಲೇ ಬಂದಿರಬಹುದು ಅಂತ ಆಯಿತು.

ಆ ಲೇಖನ ಬರೆದವರನ್ನು ನಾನು ದೂರುತ್ತಿಲ್ಲ. ಕೈಯಲ್ಲಿದ್ದದ್ದು ಐದೇ ಅಳತೆ. ಅದರಿಂದ ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನು ಹೇಳಿದರು. ಫೆರೋ ಕಾಲುವೆಯ ಕಥೆಯೂ ಹೆಚ್ಚುಕಡಿಮೆ ಹೀಗೇ. ಅಲ್ಲಿನ ಕೋಡಿ 1950ರಿಂದ ಈಚೆಗೆ ಕನಿಷ್ಠ ಶೇ. 20ರಷ್ಟು ಇಳಿದಿದೆ ಅಂತ 2001ರಲ್ಲಿ ಲೆಕ್ಕ ಬಂತು. 1995ರಿಂದ ಅದೇ ಕಾಲುವೆಯ ತಳದಲ್ಲಿ ಕೂತಿರುವ ಸಾಧನಗಳು ವರ್ಷಗಟ್ಟಲೆ ಅಳೆದ ಮೇಲೆ ಹರಿವಿನ ಪ್ರಮಾಣ ಗಟ್ಟಿಯಾಗಿಯೇ ಇದೆ ಅಂತ ಕಂಡಿತು. ಡೆನ್ಮಾರ್ಕ್ ಜಲಸಂಧಿಯಲ್ಲಿ 1996ರಿಂದ ಅಳತೆ ನಡೆದಿದೆ. ಅಲ್ಲೂ ಎರಡು ದಶಕಗಳ ಲೆಕ್ಕದಲ್ಲಿ ಎದ್ದು ಕಾಣುವ ಇಳಿಕೆ ಸಿಗಲಿಲ್ಲ. ಇದು ಎಷ್ಟು ದೊಡ್ಡ ವಿಷಯ ನೋಡಿ. ಮೇಲಿನ ಸಾಗರ ಬೆಚ್ಚಗಾಗುತ್ತಿದೆ, ಮಂಜುಗಡ್ಡೆ ಕರಗುತ್ತಿದೆ, ಆದರೂ ಕೋಡಿ ಇಷ್ಟು ವರ್ಷ ನಿಂತಿಲ್ಲ. ಯಾಕೆ? ಎಲ್ಲಿಯವರೆಗೆ? ಕಾಲುವೆಯ ತಳದಲ್ಲಿ ಸಾಧನ ಕೂತಿದ್ದಕ್ಕೇ ಈ ಪ್ರಶ್ನೆಗಳನ್ನಾದರೂ ನಾವು ಕೇಳುತ್ತಿದ್ದೇವೆ.

ಹಳೆಯ ಹವಾಮಾನ ಹಡಗುಗಳ ಬಗ್ಗೆಯೂ ನಿಮಗೆ ನೆನಪಿಸಬೇಕು. ಕೆನಡಾಕ್ಕೂ ಗ್ರೀನ್‌ಲ್ಯಾಂಡಿಗೂ ನಡುವಿನ ಲ್ಯಾಬ್ರಡಾರ್ ಸಮುದ್ರದಲ್ಲಿ ಬ್ರಾವೋ ಅನ್ನೋ ಠಾಣೆ ಇತ್ತು. ಸಾಗರ ದಾಟುವ ವಿಮಾನಗಳಿಗೆ ಹವಾಮಾನ ಹೇಳಲು ಅಲ್ಲಿ ಸರದಿಯಂತೆ ಒಂದು ಹಡಗು ನಿಂತಿರುತ್ತಿತ್ತು. ನಿಂತಲ್ಲೇ ನಿಂತಿರುವಾಗ ನೀರಿನ ಬಿಸಿ, ಉಪ್ಪನ್ನೂ ಆಳದವರೆಗೆ ಅಳೆಯುತ್ತಿದ್ದರು. ಆ ದಿನಗಳಲ್ಲಿ ಯಾರಿಗೂ ಅದು ಮಹಾ ಸಂಶೋಧನೆ ಅಂತ ಅನಿಸಿರಲಿಕ್ಕಿಲ್ಲ. ಲ್ಯಾಬ್ರಡಾರ್ ಸಮುದ್ರದಲ್ಲಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಮೇಲಿನ ನೀರು ತಣಿದು ಆಳದವರೆಗೆ ಕಲಕಿಹೋಗುತ್ತದೆ. 1960ರ ದಶಕದ ಕೊನೆಗೆ ಆರ್ಕ್ಟಿಕ್ ಕಡೆಯಿಂದ ಮಂಜುಗಡ್ಡೆ ಮತ್ತು ಸಿಹಿನೀರು ಜಾಸ್ತಿ ಬಂತು. ಉಪ್ಪು ಕಡಿಮೆಯಾದ ಹಗುರ ನೀರು ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟಿತು. 1969ರಿಂದ 1971ರವರೆಗಿನ ಚಳಿಗಾಲಗಳಲ್ಲಿ ಆಳದ ಕಲಕಾಟ ನಿಂತೇ ಹೋಯಿತು. 1972ರ ಕಡುಚಳಿಯಲ್ಲಿ ಮತ್ತೆ ಶುರುವಾಯಿತು. ಈ ಇಡೀ ನಾಟಕವನ್ನು ನಾವು ಇವತ್ತು ತಿಂಗಳು ತಿಂಗಳಾಗಿ ಓದಬಹುದಾದರೆ ಅದಕ್ಕೆ ಕಾರಣ ಬ್ರಾವೋ. ಆ ಸಿಹಿನೀರಿನ ದೊಡ್ಡ ತೇಪೆ ಉತ್ತರ ಅಟ್ಲಾಂಟಿಕ್ ಸುತ್ತ ಹತ್ತು ವರ್ಷಕ್ಕೂ ಮೀರಿ ಅಲೆಯಿತು. 1974ರಲ್ಲಿ, ಅದು ಇನ್ನೂ ಅಲೆಯುತ್ತಿರುವಾಗಲೇ, ಬ್ರಾವೋ ಠಾಣೆ ಮುಚ್ಚಿತು.

ನಾರ್ವೇಜಿಯನ್ ಸಮುದ್ರದ ಎಂ ಠಾಣೆ ಇನ್ನೂ ಬಹಳ ಕಾಲ ಬಾಳಿತು. 1948ರಿಂದ 2009ರ ಕೊನೆಯವರೆಗೆ ಅಲ್ಲಿ ಹಡಗು ನಿಂತು ಆಳದ ನೀರು ಅಳೆಯಿತು. 1980ರ ದಶಕದ ನಡುವಿನಿಂದ ಆ ಸಮುದ್ರದ ಆಳದ ನೀರು ಬೆಚ್ಚಗಾಗುತ್ತಿದೆ ಅನ್ನುವುದು ಗೊತ್ತಾಗಿದ್ದು ಆ ಹಡಗಿನಿಂದ. ಒಂದು ಡಿಗ್ರಿಯ ಸಣ್ಣ ಭಾಗದಷ್ಟು ಬದಲಾವಣೆ ಅದು. ಅದನ್ನು ಹಿಡಿಯಲು ಮೂವತ್ತು ನಲವತ್ತು ವರ್ಷದ ಬದಲಾಗದ ಹಿನ್ನೆಲೆ ಬೇಕಿತ್ತು. 1955ರಲ್ಲಿ ಅಲ್ಲಿ ಬಾಟಲಿ ಇಳಿಸಿ ನೀರು ತುಂಬಿಕೊಂಡವರ ಕೆಲಸದಲ್ಲಿ ಹೊಸ ಪ್ರಶ್ನೆ ಏನಿತ್ತು? ಏನೂ ಇರಲಿಲ್ಲ. ಇವತ್ತಿನ ನಿಯಮದ ಪ್ರಕಾರ ಅವರ ಅರ್ಜಿ ತಿರಸ್ಕಾರವಾಗುತ್ತಿತ್ತು.

ಹಾಗಂತ ಹೊಸ ಅಳತೆಗಳಲ್ಲಿ ಹೊಸದು ಸಿಗುವುದಿಲ್ಲ ಅಂತಲೂ ಅಲ್ಲ. 2014ರ ಬೇಸಿಗೆಯಲ್ಲಿ ಲ್ಯಾಬ್ರಡಾರ್ ಕರಾವಳಿಯಿಂದ ಗ್ರೀನ್‌ಲ್ಯಾಂಡಿಗೆ, ಅಲ್ಲಿಂದ ಸ್ಕಾಟ್ಲೆಂಡಿಗೆ, ಹಲವು ದೇಶಗಳು ಸೇರಿ ಆಸ್ನ್ಯಾಪ್ ಅನ್ನೋ ಅಳತೆ ಸಾಧನಗಳ ಸಾಲು ಹಾಕಿದವು. ಅಲ್ಲಿಯವರೆಗೆ ಬಹಳಷ್ಟು ಜನ ಈ ಸುತ್ತಿನ ಏರಿಳಿತಕ್ಕೆ ಲ್ಯಾಬ್ರಡಾರ್ ಸಮುದ್ರವೇ ಮುಖ್ಯ ಅಂದುಕೊಂಡಿದ್ದರು. ನಾನೂ ಹಾಗೇ ಕಲಿತಿದ್ದೆ. ಮೊದಲ 21 ತಿಂಗಳ ಲೆಕ್ಕ 2019ರಲ್ಲಿ ಬಂದಾಗ ಲ್ಯಾಬ್ರಡಾರ್ ಕಡೆಯ ಪಾಲು ಬರೀ 2 ಸ್ವೆರ್ಡ್ರಪ್‌ನ ಆಸುಪಾಸು. ಗ್ರೀನ್‌ಲ್ಯಾಂಡಿನ ಪೂರ್ವಕ್ಕೆ 15ಕ್ಕೂ ಮೇಲೆ. ದಶಕಗಳ ನಂಬಿಕೆ ಎರಡು ವರ್ಷದೊಳಗಿನ ಅಳತೆಯಲ್ಲಿ ಅಲುಗಾಡಿತು. ಆದರೆ 21 ತಿಂಗಳು ಸಾಕಾ? ಲ್ಯಾಬ್ರಡಾರ್‌ನಲ್ಲಿ 1990ರ ದಶಕದ ಆರಂಭದಲ್ಲಿ ಕಲಕಾಟ 2,300 ಮೀಟರಿನ ಆಸುಪಾಸಿಗೆ ಹೋಗಿತ್ತು. ಆಮೇಲೆ ವರ್ಷಗಟ್ಟಲೆ ಸಪ್ಪೆ. 2008ರ ಚಳಿಗಾಲದಲ್ಲಿ ಯಾರೂ ಎಣಿಸದೆ ಇದ್ದಾಗ ಜೋರಾಗಿ ವಾಪಸ್ ಬಂತು. 2014ರಿಂದ ಮತ್ತೆ ಹೆಚ್ಚಿ 2016ರಲ್ಲಿ 2,000 ಮೀಟರ್ ದಾಟಿತು. ಇಂಥ ಸಮುದ್ರವನ್ನು ಅರ್ಥ ಮಾಡಿಕೊಳ್ಳಲು ಕನಿಷ್ಠ ಇಂಥ ಎರಡು ಮೂರು ಸುತ್ತುಗಳನ್ನಾದರೂ ಬಿಡದೆ ನೋಡಬೇಕು. ಒಂದೊಂದು ಸುತ್ತಿಗೂ ಹತ್ತು ಇಪ್ಪತ್ತು ವರ್ಷ. ನಿಮ್ಮ ಯೋಜನೆಯ ಅವಧಿ ಮೂರು ವರ್ಷ, ಹೆಚ್ಚೆಂದರೆ ಐದು.

ಅಳತೆ ಹೇಗೆ ನಡೆಯುತ್ತದೆ ಅಂತ ನಿಮ್ಮಲ್ಲಿ ಬಹಳ ಜನ ನೋಡಿರಲಾರಿರಿ. ನೋಡಿದ್ದರೆ ಈ ಪತ್ರದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ. ತಳದಲ್ಲಿ ಒಂದು ಭಾರದ ಲಂಗರು. ಎಷ್ಟೋ ಸಲ ರೈಲಿನ ಹಳೆಯ ಗಾಲಿಗಳನ್ನೇ ಹಾಕುತ್ತಾರೆ. ಅದರಿಂದ ಮೇಲಕ್ಕೆ ಉಕ್ಕಿನ ಹಗ್ಗ. ಹಗ್ಗಕ್ಕೆ ಅಲ್ಲಲ್ಲಿ ಕಟ್ಟಿದ ಸಾಧನಗಳು. ಹಗ್ಗ ನೆಟ್ಟಗೆ ನಿಲ್ಲಲಿ ಅಂತ ಗಾಜಿನ ಗೋಳಗಳು, ಅವುಗಳಿಗೆ ಹಳದಿ ಪ್ಲಾಸ್ಟಿಕ್ ಚಿಪ್ಪು. ಇದಕ್ಕೆ ಮೂರಿಂಗ್ ಅನ್ನುತ್ತೇವೆ. ನೀರಿನ ಮೇಲೆ ಇದರ ಸುಳಿವೇ ಇರುವುದಿಲ್ಲ. ವರ್ಷವೋ ಎರಡು ವರ್ಷವೋ ಅದು ಕತ್ತಲಲ್ಲಿ ನಿಂತು ಬರೆದುಕೊಳ್ಳುತ್ತಿರುತ್ತದೆ. ವಾಪಸ್ ಬೇಕಾದಾಗ ಹಡಗಿನಿಂದ ಶಬ್ದದ ಸಂಕೇತ ಕಳಿಸುತ್ತೇವೆ. ತಳದ ಹತ್ತಿರ ಕೊಕ್ಕೆ ಬಿಚ್ಚಿಕೊಳ್ಳಬೇಕು, ಲಂಗರು ಅಲ್ಲೇ ಉಳಿದು ಮಿಕ್ಕಿದ್ದೆಲ್ಲ ತೇಲಿ ಬರಬೇಕು.

ಮೊದಲು ಹೇಳಿದ ಆ ಗ್ರಾಫಿನ ಗೆರೆ ನಿಂತುಹೋಗುವ ಮುನ್ನ ಅಳೆಯುತ್ತಿದ್ದ ಮೂರಿಂಗ್ ಮೇಲೆತ್ತಿದ ದಿನ ಬೆಳಗಿನಿಂದ ಸಣ್ಣ ಮಳೆ. ಸಂಕೇತ ಕಳಿಸಿ ಅರ್ಧ ಗಂಟೆ ಆಗಿತ್ತು. ಡೆಕ್ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ಒಂದೊಂದು ದಿಕ್ಕಿಗೆ. ಕೊನೆಗೆ ಅಡುಗೆಯವರೊಬ್ಬರು, ಗಾಳಿಗೆ ಅಂತ ಹೊರಗೆ ಬಂದವರು, ಅಲೆಗಳ ನಡುವೆ ಹಳದಿ ಚುಕ್ಕೆ ಮೊದಲು ಕಂಡರು. ಹಗ್ಗ ಸುತ್ತಿಕೊಂಡು ಸಾಧನಗಳು ಒಂದೊಂದೇ ಮೇಲೆ ಬಂದವು. ಕೆಳಗಿನ ಸಾಧನ ಮುಟ್ಟಿದರೆ ಕೈಗವಸಿನ ಒಳಗೂ ಚಳಿ ಹತ್ತುತ್ತಿತ್ತು. ಅದರ ಪಟ್ಟಿಯ ಸಂದಿಯಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೇಬಲ್ ಸಿಕ್ಕಿಸಿದೆವು. ಪರದೆಯ ಮೇಲೆ ದಾಖಲೆಗಳ ಸಂಖ್ಯೆ ಬಂತು. ಒಂದು ಗಂಟೆಯೂ ತಪ್ಪಿರಲಿಲ್ಲ. ಪಕ್ಕದಲ್ಲಿದ್ದ ತಂತ್ರಜ್ಞರು ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ. ಅವರು ಆ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದವರು.

ಮಾಮೂಲಿಯಾಗಿ ಅದೇ ಸಂಜೆ ಹೊಸ ಮೂರಿಂಗ್ ಕೆಳಗೆ ಹೋಗಬೇಕಿತ್ತು. ಆ ವರ್ಷ ಹೋಗಲಿಲ್ಲ. ಲಂಗರು ಡೆಕ್ ಮೇಲೆ ಹಾಗೇ ಕೂತಿತ್ತು. ತೊಳೆದಿಟ್ಟ ಸಾಧನಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆವು. ಹಡಗು, ಜನ, ಸಾಧನ ಎಲ್ಲವೂ ಅದೇ ಜಾಗದ ಮೇಲೆ ಇದ್ದವು, ಮಾನ್ಯರೇ. ಮುಂದಿನ ವರ್ಷ ಬಂದು ಎತ್ತುವ ಹಡಗಿಗೆ ಹಣದ ಭರವಸೆ ಇರಲಿಲ್ಲ. ಎತ್ತುವವರಿಲ್ಲದೆ ಇಳಿಸುವ ಹಾಗಿರಲಿಲ್ಲ. ಆ ತಂತ್ರಜ್ಞರ ಗುತ್ತಿಗೆಯನ್ನೂ ಆ ವರ್ಷ ಮುಂದುವರಿಸಲಿಲ್ಲ. ಆಮೇಲೆ ಹಣ ಬಂತು, ಅವರು ಮರಳಿ ಬರಲಿಲ್ಲ. ಹೊಸಬರಿಗೆ ಆ ಕೆಲಸ ಕಲಿಸಲು ನಮಗೆ ಎರಡು ಪ್ರಯಾಣ ಹಿಡಿಯಿತು.

ಇತ್ತೀಚೆಗೆ ನಮ್ಮ ಜೊತೆ ಸೇರಿದ ವಿದ್ಯಾರ್ಥಿಯೊಬ್ಬರು ಆ ಗ್ರಾಫಿನ ಬಿಳಿ ಜಾಗಕ್ಕೆ ಚುಕ್ಕೆ ಗೆರೆ ಎಳೆದು ಎರಡು ತುದಿ ಸೇರಿಸಿದ್ದರು. ನೋಡಲು ಚೆನ್ನಾಗಿರುತ್ತದೆ ಅಂತ. ಅಳಿಸಲು ಹೇಳಿದೆ. ಅವರಿಗೆ ಬೇಜಾರಾಯಿತು. ಆದರೆ ಆ ಹದಿನಾಲ್ಕು ತಿಂಗಳಲ್ಲಿ ಏನೂ ಆಗಲಿಲ್ಲ, ನೀರು ನೇರವಾಗಿ ಇಲ್ಲಿಂದ ಅಲ್ಲಿಗೆ ನಡೆದುಹೋಯಿತು ಅಂತ ಆ ಗೆರೆ ಹೇಳುತ್ತದೆ. ಅದು ಸುಳ್ಳು.

ನನಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೂ ಇಲ್ಲೇ ಉತ್ತರ ಹೇಳುತ್ತೇನೆ. ಉಪಗ್ರಹ ಇಲ್ವಾ ಅಂತ ಕೇಳುತ್ತಾರೆ. ಉಪಗ್ರಹಕ್ಕೆ ಕಾಣುವುದು ಸಮುದ್ರದ ಮೈ. ಮೈಯ ಎತ್ತರದಿಂದ ಒಳಗಿನ ಹರಿವಿನ ಬಗ್ಗೆ ಒಂದಷ್ಟು ಊಹೆ ಮಾಡಬಹುದು, ತಳಕ್ಕಂಟಿ ಹರಿಯುವ ನೂರಿನ್ನೂರು ಮೀಟರ್ ದಪ್ಪದ ತಣ್ಣೀರಿನ ಪದರವನ್ನು ಅಳೆಯಲಾಗದು. ತೇಲುವ ಆರ್ಗೋ ಯಂತ್ರಗಳು ನಿಜವಾಗಿಯೂ ದೊಡ್ಡ ಸಾಧನೆ. ಲೋಕದ ಸಾಗರಗಳಲ್ಲಿ ಸುಮಾರು 4,000 ಇವೆ. 2008ರ ಆ ಕಲಕಾಟವನ್ನು ಹಿಡಿದದ್ದರಲ್ಲಿ ಅವುಗಳ ಪಾಲು ಇದೆ. ಆದರೆ ಹೆಚ್ಚಿನವು 2,000 ಮೀಟರಿಗಿಂತ ಕೆಳಗೆ ಹೋಗುವುದಿಲ್ಲ, ಹತ್ತು ದಿನಕ್ಕೊಮ್ಮೆ ಅಳೆಯುತ್ತವೆ, ನೀರು ಎಳೆದತ್ತ ಹೋಗುತ್ತವೆ. ಆಳಕ್ಕೆ ಇಳಿಯುವ ಹೊಸ ಬಗೆಯವು ಬಂದಿವೆ, ಇನ್ನೂ ಕಡಿಮೆ. ಕೋಡಿಯ ಬಾಯಲ್ಲಿ ನಿಂತು ಗಂಟೆ ಗಂಟೆಗೆ ಲೆಕ್ಕ ಇಡುವ ಕೆಲಸ ಅವುಗಳದ್ದಲ್ಲ.

ಇನ್ನು ಕಂಪ್ಯೂಟರ್ ಮಾದರಿಗಳು. ಮುಂದೇನಾಗುತ್ತದೆ ಅಂತ ಹೇಳಲು ಅವು ಬೇಕೇ ಬೇಕು. ಈ ಶತಮಾನದಲ್ಲಿ ಅಟ್ಲಾಂಟಿಕ್‌ನ ಈ ಸುತ್ತು ದುರ್ಬಲವಾಗುವುದು ಬಹುಮಟ್ಟಿಗೆ ಖಚಿತ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2021ರಲ್ಲಿ ಹೇಳಿದ್ದು ಅವುಗಳ ಬಲದಿಂದ. 2100ಕ್ಕೆ ಮೊದಲು ಹಠಾತ್ತನೆ ಕುಸಿಯಲಾರದು ಅಂತಲೂ ಹೇಳಿತು, ಆದರೆ ಆ ಮಾತಿಗೆ ಮಧ್ಯಮ ಮಟ್ಟದ ವಿಶ್ವಾಸವನ್ನಷ್ಟೇ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ 44 ವಿಜ್ಞಾನಿಗಳು ನಾರ್ಡಿಕ್ ದೇಶಗಳ ಮಂತ್ರಿಮಂಡಳಿಗೆ ಬಹಿರಂಗ ಪತ್ರ ಬರೆದು, ಈ ಅಪಾಯವನ್ನು ಕಡಿಮೆ ಅಂದಾಜು ಮಾಡಲಾಗಿದೆ ಅಂತ ಎಚ್ಚರಿಸಿದರು. ಯಾರು ಸರಿ ಅಂತ ತೀರ್ಮಾನ ಮಾಡುವುದು ಹೇಗೆ? ಬಹಳಷ್ಟು ಮಾದರಿಗಳಲ್ಲಿ ಸಾಗರದ ಚೌಕಗಳು ಎಷ್ಟು ದೊಡ್ಡವು ಅಂದರೆ ದಿಬ್ಬದ ಆ ಕಿರಿದಾದ ಬಾಯಿಗಳು ಅವುಗಳಲ್ಲಿ ಸರಿಯಾಗಿ ಮೂಡುವುದೇ ಇಲ್ಲ. ಧುಮುಕುವ ನೀರು ಅಕ್ಕಪಕ್ಕದ ನೀರಿನ ಜೊತೆ ಬೇಗ ಬೆರೆತು ಹಗುರಾಗಿಬಿಡುತ್ತದೆ. ಅದನ್ನು ತಿದ್ದಲು ಅಳತೆ ಬೇಕು. ಅಳತೆ ನಿಂತರೆ ಮಾದರಿಗೂ ಕಣ್ಣು ಹೋದಂತೆಯೇ.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ದಿಬ್ಬದ ಎರಡು ಬಾಯಿಗಳು, ಆಸ್ನ್ಯಾಪ್ ಸಾಲು, ರ‍್ಯಾಪಿಡ್ ಸಾಲು, ಇಷ್ಟನ್ನಾದರೂ ಸಂಶೋಧನಾ ಯೋಜನೆ ಅನ್ನೋ ಪಟ್ಟಿಯಿಂದ ಹೊರಗೆ ತನ್ನಿ. ಹವಾಮಾನ ಕೇಂದ್ರಗಳಿಗೆ, ಬಂದರಿನಲ್ಲಿ ಸಮುದ್ರಮಟ್ಟ ಅಳೆಯುವ ಸಾಧನಗಳಿಗೆ ಹೇಗೆ ಪ್ರತಿ ವರ್ಷ ಹಣ ಇಡುತ್ತೀರೋ ಹಾಗೇ ಇವುಗಳಿಗೂ ಇಡಿ. ಮಳೆ ಅಳೆಯುವವರಿಗೆ ಮೂರು ವರ್ಷಕ್ಕೊಮ್ಮೆ ಹೊಸ ಪ್ರಶ್ನೆ ತನ್ನಿ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಆಯೋಗದ ಕೈಯಲ್ಲಿ ನೇರ ಹಣ ಇಲ್ಲ, ಖರ್ಚು ಮಾಡುವುದು ಸದಸ್ಯ ದೇಶಗಳು ಅಂತ ನನಗೆ ಗೊತ್ತು. ಆದರೆ ಯಾವ ಅಳತೆ ಯಾವ ದೇಶದ ಹೊಣೆ ಅಂತ ಎಲ್ಲರೂ ಕೂತು ಬರೆದುಕೊಳ್ಳುವ ಜಾಗ ಆಯೋಗವೇ. ವಿಶ್ವಸಂಸ್ಥೆಯ ಸಾಗರ ವಿಜ್ಞಾನ ದಶಕ 2030ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಆ ಹೊಣೆಯ ಪಟ್ಟಿ ಕಾಗದದ ಮೇಲೆ ಬರಲಿ.

ಜೊತೆಗೆ, ಒಂದು ದೇಶದಲ್ಲಿ ಹಣದ ತೊಂದರೆ ಆದ ವರ್ಷ ನಡುವಿನ ಕಂದರ ತುಂಬಲು ಸಣ್ಣದೊಂದು ತುರ್ತು ನಿಧಿ ಇರಲಿ. ಹೊಸ ಮೂರಿಂಗ್ ಇಳಿಸುವ ಭರವಸೆ ಸಿಗದೆ ಹಳೆಯದನ್ನು ಎತ್ತಬೇಕಾದ ಗತಿ ಯಾವ ತಂಡಕ್ಕೂ ಬರಬಾರದು. ಹಡಗುಗಳನ್ನು ಹಂಚಿಕೊಳ್ಳಿ. ಒಂದೇ ಬೇಸಿಗೆಯಲ್ಲಿ ಒಂದೇ ಸಮುದ್ರಕ್ಕೆ ಮೂರು ದೇಶದ ಹಡಗು ಹೋಗಿ, ಮುಂದಿನ ಬೇಸಿಗೆಯಲ್ಲಿ ಒಂದೂ ಹೋಗದೆ ಇರುವುದು ಬೇಡ. ಕರಾವಳಿ ದೇಶದ ವಲಯದಲ್ಲಿ ಅಳೆಯಲು ಸಮುದ್ರ ಕಾನೂನಿನ ಪ್ರಕಾರ ಕನಿಷ್ಠ ಆರು ತಿಂಗಳು ಮುಂಚೆ ವಿವರ ಕೊಟ್ಟು ಒಪ್ಪಿಗೆ ಕೇಳಬೇಕು. ಅದು ಸರಿಯಾದ ನಿಯಮವೇ. ಆದರೆ ಹಣ ಮಂಜೂರಾಗುವುದೇ ತಡವಾದರೆ ಆ ಆರು ತಿಂಗಳು ಎಲ್ಲಿಂದ ತರೋಣ? ಕಾಯಂ ಅಳತೆಗಳಿಗೆ ಹಲವು ವರ್ಷದ ಒಪ್ಪಿಗೆಯನ್ನು ಒಟ್ಟಿಗೇ ಕೊಡುವ ದಾರಿ ಹುಡುಕಿ. ಮತ್ತು ತಂತ್ರಜ್ಞರಿಗೆ ಕಾಯಂ ಕೆಲಸ ಕೊಡಿ. ಗಂಟು ಹೇಗೆ ಹಾಕಬೇಕು, ಯಾವ ಅಲೆಯಲ್ಲಿ ಲಂಗರು ಬಿಡಬೇಕು, ಯಾವ ಬೋಲ್ಟ್ ಉಪ್ಪುನೀರಿನಲ್ಲಿ ಎರಡು ವರ್ಷ ತಾಳುತ್ತದೆ, ಇದೆಲ್ಲ ಅವರ ಕೈಯಲ್ಲಿದೆ. ಯಾವ ಪುಸ್ತಕದಲ್ಲೂ ಪೂರ್ತಿ ಸಿಗುವುದಿಲ್ಲ.

ಈಗ ಅದೇ ಜಾಗದಲ್ಲಿ ಮತ್ತೆ ಒಂದು ಮೂರಿಂಗ್ ನಿಂತಿದೆ. ಬ್ಯಾಟರಿ ಬರುವ ಬೇಸಿಗೆಯವರೆಗೆ ಬರುತ್ತದೆ, ಬಹಳ ಹಿಡಿದರೆ ಅದರ ಮೇಲೆ ಎರಡು ತಿಂಗಳು. ಹಡಗಿನ ವೇಳಾಪಟ್ಟಿಯಲ್ಲಿ ನಮಗೆ ಒಂಬತ್ತು ದಿನ ಕೊಟ್ಟಿದ್ದಾರೆ. ಆ ಒಂಬತ್ತು ದಿನದ ಪಕ್ಕದಲ್ಲಿ ‘ಹಣ ಖಚಿತವಾದರೆ’ ಅಂತ ಬರೆದಿದೆ. ಆ ಎರಡು ಪದಗಳನ್ನು ದಯವಿಟ್ಟು ತೆಗೆಸಿಕೊಡಿ.

ಇಂತಿ,
ಉತ್ತರ ಅಟ್ಲಾಂಟಿಕ್‌ನ ಆಳದ ಅಳತೆಗಳ ಜೊತೆ ಕೆಲಸ ಮಾಡುತ್ತಿರುವ ಒಬ್ಬರು